ಒಂದು ಹೆಚ್ಚಿದೆ, ಜೋಪಾನ

೧೯೯೮ರ ಮೇ ತಿಂಗಳಲ್ಲಿ ನಾನು ಹಾಸನದ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದೆ. ಅದಕ್ಕೂ ಮೊದಲು ಹದಿನೇಳು ವರ್ಷ ಸೇನೆಯ ಸಾಮಗ್ರಿ ಡಿಪೋದಲ್ಲಿ ದುಡಿದು ಹವಾಲ್ದಾರನಾಗಿ ನಿವೃತ್ತನಾಗಿದ್ದೆ. ಎಣಿಸದೆ ಮುಟ್ಟಬಾರದು, ಬರೆಯದೆ ಎತ್ತಬಾರದು. ಡಿಪೋದಲ್ಲಿ ಮೊದಲ ದಿನ ಕಲಿಸಿದ್ದು ಇದು. ಪಟ್ಟಿಯಲ್ಲಿ ಇರುವುದಕ್ಕಿಂತ ಸಾಮಾನು ಜಾಸ್ತಿ ಕಂಡರೆ ‘ಹೆಚ್ಚು’ ಎಂದು, ಕಡಿಮೆ ಕಂಡರೆ ‘ಕಮ್ಮಿ’ ಎಂದು ಕೊನೆಯ ಕಾಲಂನಲ್ಲಿ ಬರೆಯಬೇಕು. ಆ ಎರಡು ಪದಗಳಿಗೆ ಬೇರೆ ಅರ್ಥವೇ ಇಲ್ಲವೆಂದು ನಾನು ನಂಬಿದ್ದೆ.

ಮೇ, ಜೂನ್ ತಿಂಗಳು ವರ್ಗಾವಣೆಯ ಕಾಲ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಎಂದು ಮೇಷ್ಟರುಗಳು, ಬ್ಯಾಂಕಿನವರು, ತಾಲ್ಲೂಕು ಕಚೇರಿಯವರು ಮನೆ ಬದಲಾಯಿಸುತ್ತಿದ್ದರು. ಪಾತ್ರೆ, ಮಂಚ, ಬೀರುಗಳನ್ನು ಯಾರು ಬೇಕಾದರೂ ಕಟ್ಟಬಹುದು. ಗಾಜಿನ ದೀಪ ಇರುವ ಮನೆಯಾದರೆ ಕಚೇರಿಯವರು ನನ್ನನ್ನೇ ಕಳಿಸುತ್ತಿದ್ದರು. ಆ ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ನಾನು ಕಟ್ಟಿದ ಗಾಜು ಒಡೆಯಿತೆಂಬ ದೂರು ಒಂದೂ ಬಂದಿರಲಿಲ್ಲ. ಆ ಬಗ್ಗೆ ನನಗೆ ಹೆಮ್ಮೆಯಿತ್ತು, ಮುಚ್ಚಿಡುವುದಿಲ್ಲ.

ಹೊಳೆನರಸೀಪುರದ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಪದ್ಮಾವತಮ್ಮ ಎಂಬ ಪ್ರಾಥಮಿಕ ಶಾಲೆಯ ಶಿಕ್ಷಕಿಯೂ ತಾಲ್ಲೂಕು ಕಚೇರಿಯಲ್ಲಿದ್ದ ಅವರ ಯಜಮಾನರು ರಾಮಸ್ವಾಮಿಯವರೂ ಬಾಡಿಗೆಗೆ ಇದ್ದರು. ಇಬ್ಬರಿಗೂ ಚನ್ನರಾಯಪಟ್ಟಣಕ್ಕೆ ವರ್ಗವಾಗಿತ್ತು. ಸಾಮಾನು ಎಷ್ಟಿದೆ ಎಂದು ಅಂದಾಜು ಮಾಡಲು ಒಂದು ಸಂಜೆ ಹೋದೆ. ನಡುಮನೆಯಲ್ಲಿ ಹಿತ್ತಾಳೆ ಸರಪಳಿಗೆ ಐದು ಕವಲಿನ ತೂಗುದೀಪ ಇತ್ತು. ಒಂದೊಂದು ಕವಲಿಗೂ ಕಿತ್ತಳೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಗ್ಲೋಬು. ನಾಲ್ಕರ ಮೇಲೆ ಮಲ್ಲಿಗೆ ಬಳ್ಳಿ ಬರೆದಿತ್ತು, ಒಂದು ಬಿಳಿಯಾಗಿಯೇ ಇತ್ತು.

“ಇದನ್ನ ಬರೆದದ್ದು ನಮ್ಮ ಮಗಳು ವಾಣಿ” ಎಂದರು ರಾಮಸ್ವಾಮಿ. “ಶಿವರಾತ್ರಿಗೆ ಎರಡು ವರ್ಷ ಆಯ್ತು ಅವಳು ಹೋಗಿ. ಪಿಯುಸೀಲಿದ್ದಳು. ಜ್ವರ ತಲೆಗೇರ್ತು, ಹಾಸನ ಮುಟ್ಟೋದ್ರೊಳಗೇ... ಬೇರೆ ಏನು ಒಡೆದರೂ ನಾವು ಕೇಳಲ್ಲ ಶಿವಣ್ಣೋರೆ, ಇದೊಂದು ಮಾತ್ರ—”

“ಸಾಕು ಬಿಡಿ. ದೀಪದ ಹತ್ತಿರ ನಿಂತು ಅನ್ನಬಾರದ್ದು ಅನ್ನಬೇಡಿ” ಎಂದು ಪದ್ಮಾವತಮ್ಮ ತಡೆದರು.

ಅವರು ತಡೆದದ್ದು ಯಾವ ಪದವನ್ನು ಎಂದು ಅಂದು ನಾನು ಯೋಚಿಸಲಿಲ್ಲ. ದೀಪದ ಅಳತೆ ತೆಗೆದುಕೊಂಡೆ. “ಇದರ ಜವಾಬ್ದಾರಿ ನನ್ನದು” ಎಂದು ಹೇಳಿ ಬಂದೆ.

ಮುಂದಿನ ಗುರುವಾರ ಬೆಳಿಗ್ಗೆ ಎಂಟಕ್ಕೆ ಲಾರಿಯೊಂದಿಗೆ ಹೋದೆವು. ನನ್ನ ಜೊತೆ ಕೊಣನೂರಿನ ಜವರಪ್ಪ ಇದ್ದ. ನಲವತ್ತೈದು ದಾಟಿದ ಆಳು, ಹತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದವನು. ಕೈ ಎಷ್ಟು ನಾಜೂಕೋ ಬಾಯಿ ಅಷ್ಟು ಜೋರು. ರಾಮಸ್ವಾಮಿಯವರು ಹೊಸ ಮನೆ ತೊಳೆಸಲು ಹಿಂದಿನ ದಿನವೇ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಪದ್ಮಾವತಮ್ಮ ಶಾಲೆಯಲ್ಲಿ ಚಾರ್ಜ್ ಒಪ್ಪಿಸಬೇಕಿತ್ತು. ಎರಡು ಹಾಳೆಯ ಪಟ್ಟಿಯನ್ನು ನನ್ನ ಕೈಗಿತ್ತರು. ಮುದ್ದಾದ ಅಕ್ಷರ, ಒಂದೊಂದಕ್ಕೂ ಕ್ರಮಸಂಖ್ಯೆ. ಅಂಥ ಪಟ್ಟಿ ನೋಡಿದರೆ ನನಗೆ ಊಟ ಮಾಡಿದಷ್ಟು ತೃಪ್ತಿ.

“ಮಧ್ಯಾಹ್ನ ಬರ್ತೀನಿ ಶಿವಣ್ಣೋರೆ. ಒಂದೆರಡು ಮಾತು ಹೇಳ್ಬೇಕಿತ್ತು...”

“ಪಟ್ಟಿ ಇದೆಯಲ್ಲ ಮೇಡಂ. ಪಟ್ಟಿ ಇದ್ದರೆ ಮಾತು ಬೇಡ. ನೀವು ಹೊರಡಿ, ಸ್ಕೂಲಿಗೆ ಹೊತ್ತಾಗುತ್ತೆ.”

ಅವರು ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಹೋದರು.

ಪಟ್ಟಿಯ ಹದಿನೆಂಟನೆಯ ಸಾಲು ಹೀಗಿತ್ತು: “ತೂಗುದೀಪದ ಗ್ಲೋಬು ಐದು. ಒಂದು ಹೆಚ್ಚಿದೆ. ಜೋಪಾನ.”

ನಾನು ಮೇಲೆ ನೋಡಿದೆ. ಬಳ್ಳಿ ಬರೆದವು ನಾಲ್ಕು, ಬಿಳಿಯದು ಒಂದು, ಒಟ್ಟು ಐದು. ಹುಡುಗಿ ಬರೆದದ್ದು ನಾಲ್ಕೇ, ಬಿಳಿಯದು ಹೆಚ್ಚಿನದು, ಲೆಕ್ಕ ಸರಿಹೋಯಿತು ಎಂದುಕೊಂಡು ಗುರುತು ಹಾಕಿದೆ.

ದೀಪ ಕಟ್ಟುವ ಕ್ರಮವನ್ನು ಇಲ್ಲಿ ಹೇಳಬೇಕು. ಮೊದಲು ಮೇನ್ ಸ್ವಿಚ್ ಆರಿಸಿ ಬಲ್ಬುಗಳನ್ನು ತೆಗೆಯಬೇಕು. ಗ್ಲೋಬಿನ ಕತ್ತನ್ನು ಹಿಡಿದಿರುವ ಮೂರು ಸ್ಕ್ರೂಗಳನ್ನು ಸುತ್ತಲೂ ಸಮನಾಗಿ ಸಡಿಲಿಸಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ಉಳಿದೆರಡು ಗಾಜನ್ನು ಒತ್ತುತ್ತವೆ. ಮೊದಲ ಸುತ್ತು ಹಳೆಯ ಹತ್ತಿ ಬಟ್ಟೆಯದೇ ಆಗಬೇಕು, ಏಕೆಂದರೆ ಪೇಪರಿನ ಮಸಿ ಗಾಜಿಗೆ ಅಂಟುತ್ತದೆ. ಒಳಗೆ ಬಟ್ಟೆ ತುಂಬುವಾಗ ಒತ್ತಿ ಗಿಡಿಯಬಾರದು. ಗಾಜು ಹೊರಗಿನ ಪೆಟ್ಟಿಗಿಂತ ಒಳಗಿನ ಒತ್ತಡಕ್ಕೆ ಬೇಗ ಸೀಳುತ್ತದೆ. ಆಮೇಲೆ ರಟ್ಟಿನಿಂದ ಮನೆ ಮನೆ ಮಾಡಿದ ಮರದ ಪೆಟ್ಟಿಗೆಗೆ ಒಂದಂಗುಲ ರಾಗಿಹುಲ್ಲು ಹಾಸಿ, ಮನೆಗೊಂದರಂತೆ ಇಡಬೇಕು. ಸರಪಳಿ, ಕವಲು, ಸ್ಕ್ರೂಗಳಿಗೆ ಬೇರೆ ಚೀಲ. ಲೋಹ ಮತ್ತು ಗಾಜು ಒಂದೇ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಬಾರದು. ಕೊನೆಗೆ ಪೆಟ್ಟಿಗೆಯನ್ನು ಎತ್ತಿ ನಿಧಾನ ಅಲ್ಲಾಡಿಸಿ ಕಿವಿಗೊಡಬೇಕು. ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು.

ನಾನು ಮೂರು ಸಲ ಕಿವಿಗೊಟ್ಟದ್ದನ್ನು ನೋಡಿ ಜವರಪ್ಪ ನಕ್ಕ. “ಏನ್ ಸಾ, ನಿಮ್ ಮಿಲಿಟ್ರೀಲಿ ಮೊಟ್ಟೇನೂ ಇಂಗೇ ಕಟ್ತಿದ್ರಾ? ಕೋಳಿ ಏನಾರ ಇದ್ನ ನೋಡಿದ್ರೆ ಮೊಟ್ಟೆ ಇಕ್ಕಾದೇ ಬುಟ್ಬುಡ್ತದೆ.”

“ಬಾಯಿ ಮುಚ್ಚಿ ಅಟ್ಟದ ಮೇಲಿರೋದನ್ನ ಇಳಿಸು” ಎಂದೆ.

ನಾನು ಏಣಿಯ ಮೇಲೆ ನಿಂತು ಸೀಲಿಂಗಿನ ಕೊಕ್ಕೆ ಬಿಚ್ಚುತ್ತಿದ್ದೆ. ಜವರಪ್ಪ ಅಟ್ಟದಿಂದ ಟ್ಯೂಬ್‌ಲೈಟ್ ಪಟ್ಟಿ, ಹಳೆಯ ಲಾಂದ್ರ, ಸ್ಟಾರ್ಟರುಗಳ ಪೊಟ್ಟಣ ಇಳಿಸಿದ. ಕೊನೆಗೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತೆರೆದು ನೋಡಿದ.

“ಸಾ, ಇದ್ರಲ್ಲಿ ಒಡ್ದೋಗಿರೋ ಗಾಜು ಅದೆ. ಚೂರಿಗೆ ಚೂರೂ ಹತ್ತೀಲಿ ಸುತ್ತವ್ರೆ.”

“ಪಟ್ಟಿಯಲ್ಲಿ ಒಡೆದ ಗಾಜು ಅಂತ ಇಲ್ಲ. ಒಡೆದದ್ದು ಲಾರಿ ಹತ್ತಬಾರದು.”

“ಯಾತಕ್ಕೋ ಇಕ್ಕಂಡವ್ರೆ ಕಣ್ ಸಾ. ಓಗ್ಲಿ, ಒಂದ್ ಮೂಲೇಲಿ ಇರ್ಲಿ ಬುಡಿ. ಅಮ್ಮೋರು ಬಂದ್ಮೇಲೆ ಕೇಳನ.”

“ಹಿತ್ತಿಲಲ್ಲಿ ಮನೆ ಮಾಲೀಕರು ಗುಂಡಿ ತೋಡಿಸಿದಾರೆ. ದನ ತುಳಿಯದ ಹಾಗೆ ಅದಕ್ಕೆ ಸುರಿದು ಮೇಲೆ ಮಣ್ಣು ಎಳೆ. ಡಬ್ಬಿಗೆ ಬಲ್ಬುಗಳನ್ನ ಹಾಕು.”

ಡಿಪೋದಲ್ಲಿ ಒಡೆದ ಗಾಜನ್ನು ಹೂಳುವುದೇ ನಿಯಮ. ನಿಯಮ ಪಾಲಿಸಿದೆ. ಜವರಪ್ಪ ಡಬ್ಬಿಯನ್ನು ಕೈಯಲ್ಲಿ ಹಿಡಿದು ಇನ್ನೂ ಅಲ್ಲೇ ನಿಂತಿದ್ದ. ಏಣಿಯಿಂದ ಇಳಿದು ಬಂದು ಅದರೊಳಗೆ ಒಂದು ಸಲ ನೋಡಲು ನನಗೆ ಬೇಕಿದ್ದದ್ದು ಒಂದು ನಿಮಿಷ. ನಾನು ಇಳಿಯಲಿಲ್ಲ.

ಪದ್ಮಾವತಮ್ಮ ಬಂದಾಗ ಒಂದು ಗಂಟೆ. ಲಾರಿ ತುಂಬಿತ್ತು. ದೀಪದ ಪೆಟ್ಟಿಗೆ ಡ್ರೈವರ್ ಕ್ಯಾಬಿನ್ನಿನ ಹಿಂದೆ, ಹಾಸಿಗೆ ಸುರುಳಿಗಳ ನಡುವೆ ಕುಳಿತಿತ್ತು. ಲಾರಿಯಲ್ಲಿ ಕುಲುಕಾಟ ಕಡಿಮೆ ಇರುವ ಜಾಗ ಅದು.

“ಜೋಪಾನ ಅಂತ ಬರೆದಿದ್ದೆ, ಅದು...?”

“ಜೋಪಾನವಾಗೇ ಇದೆ ಮೇಡಂ” ಎಂದೆ. ಅವರ ಮುಖ ಹಗುರವಾಯಿತು. ಬಸ್ಸಿಗೆ ಹೊರಟರು.

ಚನ್ನರಾಯಪಟ್ಟಣದ ಮನೆಯಲ್ಲಿ ಸಾಮಾನು ಇಳಿಸಿ ಮುಗಿಸಿದಾಗ ಐದು ಗಂಟೆಯಾಗಿತ್ತು. ದೀಪದ ಪೆಟ್ಟಿಗೆಯನ್ನು ಗಂಡ ಹೆಂಡತಿ ಇಬ್ಬರ ಎದುರಿಗೇ ತೆರೆದೆ. ಐದು ಗ್ಲೋಬಿಗೂ ಒಂದು ಗೀರೂ ಬಿದ್ದಿರಲಿಲ್ಲ. ರಾಮಸ್ವಾಮಿಯವರು ನನ್ನ ಕೈ ಹಿಡಿದುಕೊಂಡರು. ಪದ್ಮಾವತಮ್ಮ ಬಳ್ಳಿ ಬರೆದ ನಾಲ್ಕನ್ನೂ ಸೆರಗಿನಿಂದ ಒರೆಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಆಮೇಲೆ ಕೇಳಿದರು:

“ಹೆಚ್ಚಿದ್ದು ಎಲ್ಲಿ?”

“ಇಲ್ಲೇ ಇದೆಯಲ್ಲ ಮೇಡಂ, ಈ ಬಿಳೀದು.”

“ಇದಲ್ಲ. ಇದು ಆಮೇಲೆ ಪೇಟೇಲಿ ತಂದು ಹಾಕಿದ್ದು. ಹೆಚ್ಚಿದ್ದು, ಡಬ್ಬೀಲಿ ಇಟ್ಟಿದ್ದೆನಲ್ಲ.”

ಬಾಗಿಲ ಬಳಿ ಹಗ್ಗ ಸುತ್ತುತ್ತಿದ್ದ ಜವರಪ್ಪನಿಗೆ ನನಗಿಂತ ಮೊದಲು ಅರ್ಥವಾಯಿತು. “ಸಾ...” ಎಂದ. ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕಿಟ್ಟ.

ನಮ್ಮ ಕಡೆಯ ಹೆಣ್ಣುಮಕ್ಕಳು ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಅಕ್ಕಿ, ಕುಂಕುಮ ಮುಗಿದರೂ ಹೆಚ್ಚಿದೆ ಎನ್ನುತ್ತಾರೆ. ಅಶುಭವನ್ನು ಬಾಯಲ್ಲಿ ಆಡಬಾರದೆಂದು ತಿರುಗಿಸಿ ಹೇಳುವ ಪದ್ಧತಿ ಇದು. ನನ್ನ ತಾಯಿ ಹಾಗೆ ಹೇಳುತ್ತಿದ್ದರು, ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಅಕ್ಕಿ ಹೆಚ್ಚಿದೆ ಎಂದು ಅವಳು ಹೇಳಿದರೆ ಚೀಲ ಹಿಡಿದು ಅಂಗಡಿಗೆ ಹೋಗುವವನೂ ನಾನೇ. ಆದರೆ ಅದೇ ಪದವನ್ನು ಪಟ್ಟಿಯಲ್ಲಿ ಕಂಡಾಗ ಡಿಪೋದ ಕಾಲಂ ಬಿಟ್ಟು ನನ್ನ ತಲೆಗೆ ಇನ್ನೇನೂ ಹೊಳೆಯಲಿಲ್ಲ. ದೀಪದ ಗಾಜು ಒಡೆದಿದೆ ಎಂದು ಬರೆಯಲು ಆ ತಾಯಿಗೆ ಕೈ ಬಂದಿರಲಿಲ್ಲ. ಅದೂ ಆ ಮನೆಯಲ್ಲಿ, ಆ ದೀಪದ ವಿಷಯದಲ್ಲಿ.

ನಾನು ನಿಂತಲ್ಲೇ ನಡೆದದ್ದನ್ನು ಹೇಳಿದೆ. ಯಾರೂ ಜೋರು ಮಾಡಲಿಲ್ಲ. ರಾಮಸ್ವಾಮಿಯವರು ಗೋಡೆ ಹಿಡಿದು ಪೆಟ್ಟಿಗೆಯ ಮೇಲೆ ಕುಳಿತರು. “ಐದನೇದು ಬರೆದಾಗ ಬಣ್ಣ ಒಣಗೋ ಮುಂಚೇನೇ ಎತ್ತಿಬಿಟ್ಟಿದ್ದಳು” ಎಂದರು. “ಅವಳ ಮೂರು ಬೆರಳಿನ ಗುರುತು ಹಾಗೇ ಕೂತಿತ್ತು. ಕಳ್ಳಿ ಸಿಕ್ಕಿಬಿದ್ದಳು ಅಂತ ನಾನು ರೇಗಿಸ್ತಿದ್ದೆ. ಅವಳು ಹೋದ ಮೇಲೆ ಧೂಳು ಒರೆಸುವಾಗ ಇವಳ ಕೈ ಜಾರಿ... ಆ ಬೆರಳಿನ ಗುರುತಿದ್ದ ಚೂರು ಒಂದು ಉಳಿದಿತ್ತು.”

ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾನೂ ಜವರಪ್ಪನೂ ಹೊಳೆನರಸೀಪುರಕ್ಕೆ ಹೋದೆವು. ಮಣ್ಣು ಜರಡಿ ಹಿಡಿದಾದರೂ ಹುಡುಕೋಣವೆಂದು ಜರಡಿ ತೆಗೆದುಕೊಂಡಿದ್ದೆವು. ಮನೆಯ ಮಾಲೀಕ ನಂಜೇಗೌಡರು ಹಿತ್ತಿಲಲ್ಲೇ ಇದ್ದರು.

“ಏನ್ ಸಾ, ಏನಾರ ಬುಟ್ಟೋದ್ರಾ?”

ಗುಂಡಿ ಕಾಣಲಿಲ್ಲ. ಬಚ್ಚಲಿಗೆ ನೆಲ ಹಾಕಿಸಲು ಅವರು ಮನೆ ಖಾಲಿಯಾಗುವುದನ್ನೇ ಕಾಯುತ್ತಿದ್ದರಂತೆ. ಹಿಂದಿನ ಸಂಜೆಯೇ ಗುಂಡಿಗೆ ಇಟ್ಟಿಗೆ ಚೂರು ತುಂಬಿಸಿ, ದಿಮ್ಮಸು ಹಾಕಿಸಿ ಗಟ್ಟಿಯಾಗಿ ಗುದ್ದಿಸಿ, ಬೆಳಕು ಹರಿಯುತ್ತಲೇ ಕಾಂಕ್ರೀಟು ಸುರಿಸಿದ್ದರು. ಗಾರೆಯವನು ಕರಣೆಯಿಂದ ಕೊನೆಯ ಮೂಲೆ ನುಣುಪು ಮಾಡುತ್ತಿದ್ದ.

ವಿಷಯ ತಿಳಿದು ಗೌಡರು ಮುಖ ಸಣ್ಣದು ಮಾಡಿಕೊಂಡರು. “ಆ ಮಗು ನಮ್ ಕಣ್ಣಮುಂದೆ ಬೆಳ್ದಿದ್ದು ಕಣ್ ಸಾ. ಬೇಕಾರೆ ಏಳ್ರಿ, ಇನ್ನೂ ಹಸಿ ಐತೆ, ಈಗ್ಲೇ ಅಗ್ಸಿಬುಡ್ತೀನಿ. ನೆಲ ಆಮೇಕೆ ಆಕ್ಸನ.”

ನಾನು ಜವರಪ್ಪನ ಮುಖ ನೋಡಿದೆ. ಅವನು ತಲೆಯಾಡಿಸಿದ. “ದಿಮ್ಸಾಕವ್ರಲ್ಲ ಸಾ. ಅದ್ರಡೀಲಿ ಇನ್ನೇನ್ ಉಳ್ದಿರ್ತದೆ.” ದಿಮ್ಮಸಿನ ಪೆಟ್ಟಿಗೆ ಗಾಜು ಏನಾಗುತ್ತದೆ ಎಂದು ನಮ್ಮಿಬ್ಬರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಧ್ಯಾಹ್ನ ಚನ್ನರಾಯಪಟ್ಟಣಕ್ಕೆ ಬರಿಗೈಲಿ ಹೋದೆ. ಜವರಪ್ಪನನ್ನು ಹಾಸನಕ್ಕೆ ಕಳಿಸಿದ್ದೆ, ಇದು ನಾನೊಬ್ಬನೇ ಹೇಳಬೇಕಾದ ಮಾತು. ಪದ್ಮಾವತಮ್ಮ ಕೇಳಿಸಿಕೊಂಡರು. “ರಸ್ತೆಗೆ ಚೆಲ್ಲಲಿಲ್ಲವಲ್ಲ?” ಎಂದರು.

“ಇಲ್ಲ ಮೇಡಂ. ಮಣ್ಣೊಳಗೇ ಹಾಕಿದ್ದು.”

“ಅಸ್ಥಿ ಅಲ್ಲೇ ಹೊಳೆಗೆ ಬಿಟ್ಟಿದ್ವು. ಈಗ ಇದೂ ಅಲ್ಲೇ ಉಳೀತು. ಅವಳದ್ದೆಲ್ಲ ಆ ಊರಲ್ಲೇ ಇರ್ಲಿ ಅಂತಿತ್ತೇನೋ.” ಆಮೇಲೆ ನನ್ನನ್ನು ನೋಡಿ, “ನಾನು ನೆಟ್ಟಗೆ ಬರೀಬೇಕಿತ್ತು” ಎಂದರು.

“ನಾನು ಕೇಳಬೇಕಿತ್ತು ಮೇಡಂ” ಎಂದೆ. ಅದಕ್ಕೆ ಅವರು ಅಲ್ಲವೆನ್ನಲಿಲ್ಲ. ಕಾಫಿ ತಂದುಕೊಟ್ಟರು. ಆ ಕಾಫಿಯನ್ನು ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ಕಚೇರಿಯ ಪುಸ್ತಕದಲ್ಲಿ ಆ ಸಾಗಣೆಯ ಎದುರು ‘ಒಡಕು ಇಲ್ಲ’ ಎಂದೇ ದಾಖಲಾಯಿತು. ಕಳಿಸಿದ ಗ್ಲೋಬು ಐದು, ಮುಟ್ಟಿದ ಗ್ಲೋಬು ಐದು. ದೂರು ಬಂದಿರಲಿಲ್ಲ. ನಾನೇ ಮ್ಯಾನೇಜರಿಗೆ ಹೇಳಿ ಕೆಳಗೆ ಒಂದು ಸಾಲು ಬರೆಯಲು ಹೋದೆ. ಅದಕ್ಕೆ ಯಾವ ಕಾಲಂ ಎಂದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

೨೦೦೭ರವರೆಗೆ ಅದೇ ಕೆಲಸದಲ್ಲಿದ್ದೆ. ಅಂದಿನಿಂದ ಯಾವ ಮನೆಗೆ ಹೋದರೂ ಪಟ್ಟಿ ತೆಗೆದುಕೊಳ್ಳುವ ಮೊದಲು ಮನೆಯ ಹೆಂಗಸರನ್ನು ಕರೆದು, “ಹೆಚ್ಚಿದ ಸಾಮಾನು ಏನಾದರೂ ಇಟ್ಟುಕೊಂಡಿದ್ದೀರಾ ತಾಯಿ?” ಎಂದು ಅವರದೇ ಮಾತಿನಲ್ಲಿ ಕೇಳುತ್ತಿದ್ದೆ. ಹಲವರು ಇಲ್ಲ ಎನ್ನುತ್ತಿದ್ದರು. ಕೆಲವರು ಸುಮ್ಮನೆ ಒಳಗೆ ಹೋಗಿ, ಹಿಡಿ ಮುರಿದ ಬಟ್ಟಲನ್ನೋ ಸೀಳಿದ ಲಾಂದ್ರದ ಚಿಮಣಿಯನ್ನೋ ಸೆರಗಿನಲ್ಲಿ ತರುತ್ತಿದ್ದರು. ಅದು ಯಾರದೆಂದು ನಾನು ಕೇಳುತ್ತಿರಲಿಲ್ಲ. ಏಣಿ ಹತ್ತುವ ಮೊದಲು ಅದನ್ನೇ ಕಟ್ಟುತ್ತಿದ್ದೆ. ಕಟ್ಟಿದವರಿಗೆ ಗೊತ್ತು, ಇಡಿಯಾದ ಗಾಜಿಗಿಂತ ಒಡೆದ ಗಾಜನ್ನು ಕಟ್ಟುವುದೇ ಕಷ್ಟ. ಅದಕ್ಕೆ ಅಂಚುಗಳು ಜಾಸ್ತಿ, ಒಂದೊಂದು ಅಂಚಿಗೂ ಬೇರೆ ಬೇರೆ ಬಟ್ಟೆ ಸುತ್ತಬೇಕು.