ಸೋಮವಾರ ಹೂಡಿದ ರೆಕ್ಕೆಯ ಎತ್ತು

ಗೆಳತಿಯರೇ, ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಕ್ಷಮಿಸಿ.

ನನ್ನ ಹೊಸ ಮಾಯಾಲೋಕದ ಕಾದಂಬರಿಯ ನೋಟ್‌ಬುಕ್ಕು ಕುಬಿಹಾಳದ ಹುಡುಗಿಯರ ಕೈಯಿಂದ ಕೈಗೆ ಹೋಗುತ್ತಿತ್ತಲ್ಲ, ಇವತ್ತು ಮುಂಜಾನೆ ಅದನ್ನು ಪಕ್ಕದ ಮನೆಯ ಚನ್ನಪ್ಪ ಕಾಕಾ ಹಿಡಿದುಕೊಂಡು ಬಂದರು. ಇರುವುದು ಅದೊಂದೇ ಪ್ರತಿ.

“ನಿನ್ನ ರಾಜಕುಮಾರಿ ಸೋಮವಾರ ಎತ್ತು ಹೂಡ್ಯಾಳಲ್ಲ? ಬಸವಣ್ಣನ ವಾರ, ಗೊತ್ತಿಲ್ಲೇನು?”

“ಅವಕ್ಕ ರೆಕ್ಕಿ ಅದಾವ್ರಿ ಕಾಕಾ. ರಾಕ್ಷಸನ್ನ ಕೊಲ್ಲಾಕ ಮೋಡದ ಮ್ಯಾಲ ಚಕ್ಕಡಿ ಎಳೀತಾವ್ರಿ,” ಎಂದೆ, ನೆಲ ನೋಡುತ್ತ.

“ರೆಕ್ಕಿ ಇದ್ದಮ್ಯಾಲ ಹಾರ್ತಾವ, ಯಾರ್ ಬ್ಯಾಡಂದ್ರು? ಸೋಮವಾರ ಹೂಡಬಾರದು. ತಿದ್ದೂತನಕ ಯಾವ ಹುಡುಗೀನೂ ಇದನ್ನ ಓದಂಗಿಲ್ಲ.”

ಅವರ ಹಿಂದೆ ನಿಂತಿದ್ದ ಮಗಳು, “ಲಗೂನ ತಿದ್ದಬೇ ಯಕ್ಕಾ, ರಾಕ್ಷಸ ಸಾಯೂದು ಓದಬೇಕು,” ಎಂದಳು.

ಕಟ್ಟೆಯ ಮೇಲೆ ಕುಳಿತು ಸೋಮವಾರ ಎಂಬುದನ್ನು ಹೊಡೆದುಹಾಕಿ ಮಂಗಳವಾರ ಎಂದು ಬರೆದೆ. ಕಾಕಾ ಎರಡು ಸಲ ಓದಿ ನೋಟ್‌ಬುಕ್ಕನ್ನು ಮಗಳ ಕೈಗೆ ಕೊಟ್ಟರು.

ಎತ್ತುಗಳಿಗೆ ಒಂದು ದಿನ ವಿಶ್ರಾಂತಿ ಸಿಕ್ಕಿತು. ಆದರೆ ನನ್ನ ರಾಕ್ಷಸ ದಿನಕ್ಕೊಂದು ಊರು ನುಂಗುವವನು. ಹೀಗಾಗಿ ತಿದ್ದುವಾಗಲೇ ಒಂದು ಊರು ಹೆಚ್ಚಿಗೆ ನುಂಗಿಸಬೇಕಾಯಿತು. ಅದರ ಹೆಸರು ಮಾತ್ರ ಬರೆಯಲಿಲ್ಲ. ಆ ಊರಿನಲ್ಲೂ ಒಬ್ಬ ಕಾಕಾ ಇದ್ದೇ ಇರುತ್ತಾರೆ.