ಎರಡು ಚುಕ್ಕಿಯ ಅಕ್ಷರ ಹುಡುಕಿ ಲೀಡ್ಸಿಗೆ

ಬಾಯಿ ಮುಚ್ಚಿಕೊಂಡಿದ್ದರೆ ಆ ಭಾನುವಾರ ನಾನು ಸೊಲಿಹಲ್‌ನಲ್ಲಿ ಮಧ್ಯಾಹ್ನದವರೆಗೆ ಮಲಗಿರಬಹುದಿತ್ತು. ಲೀಡ್ಸಿನಲ್ಲಿ ಡಾಕ್ಟರಾಗಿರುವ ಧಾರವಾಡದ ಶಾರದಕ್ಕನ ‘ಬ್ಯಾಡ’, ‘ಹ್ಯಾಂಗ’ಗಳನ್ನು ಫೋನಿನಲ್ಲಿ ಅವರಿಗೇ ಅಣಕಿಸಿ ತೋರಿಸುವುದು ನನ್ನ ಚಟ. ಶನಿವಾರ ಅದೇ ಜೋರಿನಲ್ಲಿ, ಪ್ರಪಂಚದ ಯಾವ ದನಿಯನ್ನಾದರೂ ತೆಗೆಯಬಲ್ಲೆ ಎಂದುಬಿಟ್ಟೆ.

“ಹಂಗಾರ ನಾಳೆ ಬಾ ತಮ್ಮಾ,” ಎಂದರು. “ಬಾಜೂ ಮನಿ ಲೀದಾನ ಭಾಷಾದಾಗ ಒಂದು ಅಕ್ಷರ ಐತಿ. ಅದನ್ನ ಅಂದು ತೋರಸು.”

ಬರ್ಮಿಂಗ್‌ಹ್ಯಾಮಿನಲ್ಲಿ ರೈಲು ಬದಲಿಸಿದೆ. ಭಾನುವಾರವಲ್ಲವೇ, ಎಲ್ಲೋ ಹಳಿ ರಿಪೇರಿ. ಶೆಫೀಲ್ಡಿನಲ್ಲಿ ಇಳಿಸಿ ಬಸ್ಸಿಗೆ ತುಂಬಿದರು. ಹೊರಗೆ ಜಿಟಿಜಿಟಿ ಮಳೆ, ಕೈಯಲ್ಲಿ ತಣ್ಣಗಿನ ಚೀಸ್ ಸ್ಯಾಂಡ್‌ವಿಚ್. ನಾನು ಸ್ಟೇಷನ್ನಿನ ಘೋಷಣೆಯ ದನಿಯನ್ನು ಅಭ್ಯಾಸ ಮಾಡುತ್ತಿದ್ದುದನ್ನು ಕೇಳಿ ಪಕ್ಕದ ಅಜ್ಜಿ ಸೀಟು ಬದಲಿಸಿದರು.

ಶಾರದಕ್ಕನ ಮನೆಯಲ್ಲಿ ರೊಟ್ಟಿ, ಎಣಗಾಯಿ ಮುಗಿಸಿ ಪಕ್ಕದ ಮನೆಗೆ ಹೋದೆವು. ಲೀದಾ ರಷ್ಯಾದ ವೋಲ್ಗಾ ದಂಡೆಯವಳು. ಮಾತೃಭಾಷೆ ಅಲ್ಲಿನ ಮಾರಿ ಜನರ ‘ಬೆಟ್ಟದ ಮಾರಿ’, ಬರೆಯುವುದು ರಷ್ಯನ್ ಲಿಪಿಯಲ್ಲಿ. ಫ್ರಿಜ್ಜಿನ ಬಾಗಿಲಿಗೆ ಆ ಅಕ್ಷರ ಅಂಟಿಸಿದ್ದಳು: Ӓ. ನೆತ್ತಿಯ ಮೇಲೆ ಎರಡು ನೊಣ ಕೂತಂತೆ. ಅವಳು ಉಚ್ಚರಿಸಿದಾಗ ನಗು ಬಂತು. ‘ಬ್ಯಾಡ’ದಲ್ಲಿ ಬರುವ ಸ್ವರವೇ ಅದು. ನಮ್ಮ ಬಾಯಲ್ಲಿದೆ, ವರ್ಣಮಾಲೆಯಲ್ಲಿ ಅದಕ್ಕೊಂದು ಮನೆಯಿಲ್ಲ. ‘ಯ’ ಒತ್ತಿನಡಿ ಬಾಡಿಗೆಗಿದೆ. ಮಾರಿ ಜನ ಅದಕ್ಕೆ ಮನೆ ಕಟ್ಟಿಕೊಟ್ಟಿದ್ದಾರೆ. ಅವರಲ್ಲಿ ತಾಯಿಗೆ ‘ಆ್ಯವ್ಯಾ’ ಎನ್ನುತ್ತಾರಂತೆ, ಎರಡು ಕಡೆಯೂ ಅದೇ ಸ್ವರ. ಮೊದಲ ಸಲಕ್ಕೇ ಅಂದೆ. ಶಾರದಕ್ಕನ ಮುಖ ಸಪ್ಪಗಾಯಿತು.

ಲೀದಾ ಮಾತ್ರ ಸೋಫಾದತ್ತ ನೋಡಿದಳು. ಅಲ್ಲಿ ಕೂತಿದ್ದ ಆರು ವರ್ಷದ ಮಗಳು ವೇರಾ, ತಾಯಿಯ ಭಾಷೆ ಎಲ್ಲ ಅರ್ಥವಾದರೂ ಉತ್ತರಿಸುವುದು ಇಂಗ್ಲಿಷಿನಲ್ಲೇ. ಪ್ರತಿ ಭಾನುವಾರ ಊರಿನಿಂದ ಅಜ್ಜಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾಳೆ: “ಪಕ್ಕದಲ್ಲಿ ಯಾರಿದ್ದಾರೆ?” ಉತ್ತರವಾಗಿ ‘ಆ್ಯವ್ಯಾ’ ಎಂಬ ಆ ಒಂದು ಪದ ವೇರಾಳ ಬಾಯಿಂದ ಇದುವರೆಗೂ ಬಂದಿಲ್ಲ.

“ನನ್ನ ಅಮ್ಮನಿಗೆ ಒಂದು ಸಲ ಕೇಳಿಸಿದರೆ ಸಾಕು,” ಎಂದಳು ಲೀದಾ.

ಫೋನ್ ಬಂತು. ವೇರಾ ಸೋಫಾದ ಹಿಂದೆ ಅಡಗಿದಳು. ಸ್ಪೀಕರಿನಲ್ಲಿ ಅಜ್ಜಿ ಕೇಳಿದಳು, ಕಾದಳು, ಮತ್ತೆ ಕೇಳಿದಳು. ಆ ಮೌನ ನನಗೆ ತಡೆಯಲಾಗಲಿಲ್ಲ. ಮಗುವಿನ ದನಿ ತೆಗೆದು “ಆ್ಯವ್ಯಾ” ಎಂದೆ. ಲೀದಾ ಹೌಹಾರಿದಳು.

“ಏ, ಏನು ಮಾಡಿದ್ಯೋ,” ಎಂದು ಶಾರದಕ್ಕ ಬೆನ್ನಿಗೆ ಗುದ್ದಿದರು.

ಅಷ್ಟರಲ್ಲಿ ವೇರಾ ಸೋಫಾದ ಹಿಂದಿನಿಂದ ಎದ್ದುಬಂದು, ಅದು ನಾನಲ್ಲ ಎಂದು ಇಂಗ್ಲಿಷಿನಲ್ಲಿ ರೇಗಿ, ಫೋನಿಗೆ ಬಾಯಿ ಹಚ್ಚಿ ಎರಡು ಸಲ ಹೇಳಿದಳು: “ಆ್ಯವ್ಯಾ. ಆ್ಯವ್ಯಾ.”

ಆ ಕಡೆಯಿಂದ ಅಜ್ಜಿ ಏನೋ ಅಂದಳು. ಲೀದಾ ಕಣ್ಣೊರೆಸಿಕೊಂಡು ನಗುತ್ತ ನನಗೆ ಅನುವಾದಿಸಿದಳು:

“ಮೊದಲು ಮಾತಾಡಿದ ಮೊಮ್ಮಗಳಿಗೆ ಮೀಸೆ ಬಂದಿದೆ, ಬೋಳಿಸಿಕೊಳ್ಳೋಕೆ ಹೇಳು.”