ಮುಖ್ಯರಸ್ತೆಯ ದರ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಡ ಶಿರಸಿಯ ಮನೆಯಲ್ಲಿ ತೀರಿಕೊಂಡದ್ದು ಧನಿಷ್ಠಾ ಪಂಚಕದಲ್ಲಿ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಆ ಮನೆಯಲ್ಲಿ ಇರಬಾರದೆಂಬುದು ನಮ್ಮ ಕಡೆಯ ಪದ್ಧತಿ. "ಆರು ತಿಂಗಳು ಮನೆ ಬಿಡವು, ಬೇರೆ ದಾರಿ ಇಲ್ಲೆ" ಎಂದರು ಮಾವ. ಬಾಗಿಲಿಗೆ ಮುಳ್ಳು ಕಟ್ಟಿ, ಬೀಗ ಹಾಕಿ, ಸಿದ್ದಾಪುರದ ತವರಿಗೆ ಬಂದೆ. ನನಗೆ ಏನೂ ಅನಿಸಲಿಲ್ಲ. ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ.

ತವರಿನಲ್ಲಾದರೂ ಎಷ್ಟು ದಿನ ಇರುವುದು? ನನ್ನ ಹೆಸರಿಗೆ ಬಂದಿದ್ದ ಶಿರಸಿಯ ಮನೆ ಮಾರಿದರೆ ಸಿದ್ದಾಪುರದಲ್ಲಿ ನನ್ನದೇ ಎಂಬ ಎರಡು ಕೋಣೆ ಕೊಳ್ಳಬಹುದಿತ್ತು. ಆದರೆ ನೋಡಲು ಬಂದವರು ಬಾವಿ, ಗೋಡೆ ನೋಡುವ ಬದಲು ನಕ್ಷತ್ರ ವಿಚಾರಿಸಿ, ಚಹಾ ಕುಡಿದು ಹೋದರು. ಶಾಂತಿ ಮಾಡಿಸಿದ್ದೇವೆ ಎಂದರೂ ಯಾರೂ ತಿರುಗಿ ಬರಲಿಲ್ಲ.

ಕಡೆಗೆ ಬಂದವರು ಯಲ್ಲಾಪುರದ ಒಬ್ಬ ಮುಸ್ಲಿಂ ಸಾಹೇಬರು. ಎರಡು ಲಾರಿ ಇಟ್ಟುಕೊಂಡಿದ್ದರು. "ನಮಗೆ ನಕ್ಷತ್ರ ಗಿಕ್ಷತ್ರ ಇಲ್ಲ ಅಕ್ಕಾ. ಲಾರಿ ನಿಲ್ಸೋಕೆ ಜಾಗ ಇದ್ಯಲ್ಲ, ಸಾಕು" ಎಂದರು. ಕಡಿಮೆ ಬೆಲೆಗೇ ಮಾತಾಯಿತು.

ಕ್ರಯಪತ್ರ ಬರೆಯುವವರು ಸರ್ಕಾರದ ಮಾರ್ಗಸೂಚಿ ಬೆಲೆಯ ಪಟ್ಟಿ ಬಿಚ್ಚಿದಾಗ ಮಾತು ಅಲ್ಲೇ ನಿಂತಿತು. ಮುದ್ರಾಂಕ ಶುಲ್ಕ ನಾವು ಒಪ್ಪಿಕೊಂಡ ಬೆಲೆಗಲ್ಲವಂತೆ, ಪಟ್ಟಿಯ ಬೆಲೆಗಂತೆ. ಮುಖ್ಯರಸ್ತೆಗೆ ಒಂದು ದರ, ಹಿಂದಿನ ಓಣಿಗೆ ಇನ್ನೊಂದು, ಹಳ್ಳ ದಾಟಿ ಪಂಚಾಯಿತಿ ಹದ್ದಿಗೆ ಹೋದರೆ ಮತ್ತೊಂದು. "ಇದೇ ಮನೆ ನಮ್ಮ ಕಡೆ ಉಮ್ಮಚಗಿ ಹಳ್ಳೀಲಿ ಇದ್ದಿದ್ರೆ ಅರ್ಧಾನೂ ಆಗ್ತಿರಲಿಲ್ಲ. ಇಷ್ಟು ಕಟ್ಟೋಕೆ ನನ್ನ ಹತ್ರ ಆಗೋದಿಲ್ಲ ಅಕ್ಕಾ" ಎಂದು ಸಾಹೇಬರು ಎದ್ದರು. ಊರಿಗೆಲ್ಲ ಬೇಡವಾದ ಮನೆಗೆ ಸರ್ಕಾರವೊಂದೇ ಮುಖ್ಯರಸ್ತೆಯ ಮರ್ಯಾದೆ ಕೊಟ್ಟಿತ್ತು. ಇವರೂ ಹೋದರೆ ಇನ್ನು ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. "ಹೆಚ್ಚಾದದ್ದನ್ನ ನನ್ನ ಬೆಲೆಯಲ್ಲಿ ಮುರಿದುಕೊಳ್ಳಿ" ಎಂದೆ. ಎರಡು ಕೋಣೆ ಹೋಗಿ ಒಂದಾಗುತ್ತದೆ ಎಂಬುದು ಹೊಳೆಯಿತು. ಆಗಲಿ ಅನಿಸಿತು, ಅಷ್ಟೆ.

ನೋಂದಣಿಯ ದಿನ ಅಧಿಕಾರಿ ಪತ್ರ ಓದಿ ತಲೆಯೆತ್ತಿದರು. ಹಾವೇರಿ ಕಡೆಯವರು, ಮರ್ಯಾದಸ್ಥರು.

"ಯಾಕ್ರಿ ಅಕ್ಕಾರ, ಮೇನ್ ರೋಡಿನ ಮನಿ ಇಷ್ಟ ಕಡಿಮಿಗೆ ಕೊಟ್ಟೀರಿ?"

ಹಳೇ ಮನೆ, ಸೋರುತ್ತದೆ ಎನ್ನಬೇಕೆಂದು ಪತ್ರ ಬರೆದವರು ಹೇಳಿಕೊಟ್ಟಿದ್ದರು. ನನ್ನ ಬಾಯಲ್ಲಿ ಬಂದದ್ದು ಬೇರೆ.

"ನನ್ನ ಗಂಡ ಅಲ್ಲಿ ಸತ್ತುಹೋದ್ರು."

ಅಷ್ಟು ತಿಂಗಳು ಎಲ್ಲರೂ ನನಗೆ ಹೇಳಿದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಧಿಕಾರಿ ಪಟ್ಟಿಯ ಹಾಳೆ ತಿರುವಿದರು.

"ಅದಕ್ಕ ಪಟ್ಟಿಯೊಳಗ ರಿಯಾಯ್ತಿ ಇಲ್ರಿ" ಎಂದರು ಮೆಲ್ಲಗೆ.

ಅವರ ತಪ್ಪೇನೂ ಇರಲಿಲ್ಲ. ಸಾಹೇಬರು ಪೂರ್ತಿ ಶುಲ್ಕ ಕಟ್ಟಿದರು. ನನ್ನ ಸಹಿಗೆ ಮಾತ್ರ ತಡವಾಯಿತು. ಅಳು ನಿಲ್ಲುವವರೆಗೆ ಸರದಿಯಲ್ಲಿದ್ದವರೆಲ್ಲ ಕಾಯಬೇಕಾಯಿತು.